ಆಕಾಶದ ದಾರಿಗೆ ಸಿನಿಮಾ ಬುತ್ತಿ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹರಾಜು ಮುಗಿದು, ಕೈಗೆ ದುಡ್ಡೂ ಮೈಗೆ ಬಿಡುವೂ ಸಿಗುವ ಹೊತ್ತಿಗೆ ಕೆಲವು ಮನೆಗಳಲ್ಲಿ ಬೇರೆಯದೇ ಗಡಿಬಿಡಿ ಶುರುವಾಗುತ್ತದೆ. ಅಮೆರಿಕದಲ್ಲಿರುವ ಮಗಳಿಗೆ ಬಾಣಂತನ, ಲಂಡನ್ನಿನಲ್ಲಿರುವ ಮಗನ ಹೊಸ ಮನೆ, ಕೆನಡಾದಲ್ಲಿರುವ ಮೊಮ್ಮಗುವಿನ ನಾಮಕರಣ. ಚಟ್ನಿಪುಡಿ, ಹುರಿಹಿಟ್ಟು, ನಿಪ್ಪಟ್ಟು, ಬಾಣಂತಿಗೆ ಬೇಕಾದ ಪುಡಿಗಳೆಲ್ಲ ಸೂಟ್‌ಕೇಸಿಗೆ ಸೇರುತ್ತವೆ. ತೂಕ 23 ಕಿಲೋ ದಾಟಿತೇ ಎಂದು ನಾಲ್ಕು ಸಲ ಎತ್ತಿ ನೋಡುತ್ತಾರೆ. ಎಲ್ಲಕ್ಕೂ ಬುತ್ತಿ ಕಟ್ಟಿದವರು ಒಂದನ್ನು ಮಾತ್ರ ಮರೆತಿರುತ್ತಾರೆ. ಹತ್ತು ಹದಿನಾರು ಗಂಟೆ ಒಂದೇ ಸೀಟಿನಲ್ಲಿ ಕೂತು ಮಾಡುವುದೇನು?

ಕೆ.ಆರ್. ನಗರದ ಕಡೆಯ ನನ್ನ ಸೋದರತ್ತೆ ಮೊದಲ ಸಲ ಮಗನ ಮನೆಗೆ ಹೋದಾಗ, ಮುಂದಿನ ಸೀಟಿನ ಬೆನ್ನಿಗಿದ್ದ ಪುಟ್ಟ ಟಿವಿಯಲ್ಲಿ ಚಿತ್ರ ಚೆನ್ನಾಗಿದೆ ಎಂದು ಯಾವುದೋ ಹಿಂದಿ ಸಿನಿಮಾ ಒತ್ತಿದರಂತೆ. ಬಂದ ಮೇಲೆ ಹೇಗಿತ್ತು ಎಂದು ಕೇಳಿದೆ. “ಅಯ್ಯೋ, ಒಂದೂ ಕೇಳ್ನಿಲ್ಲ ಕಣೊ ಮಗ. ಬರೀ ಬಾಯಿ ಆಡುಸ್ತಿದ್ರು. ಆಮ್ಯಾಕೆ ನಕ್ಷೆ ಹಾಕ್ಕಂಡು, ಚಿಕ್ಕ ವಿಮಾನ ಎಲ್ಲಿಗೋಯ್ತು ಅಂತ ನೋಡ್ಕಂಡು ಕುಂತೆ” ಎಂದರು. ವಾಪಸ್ ಬರುವಾಗ ಮಗ ಅವರ ಫೋನಿಗೆ ‘ಬಬ್ರುವಾಹನ’ ಹಾಕಿಕೊಟ್ಟಿದ್ದ. ಅದನ್ನು ಎರಡು ಸಲ ನೋಡಿದರಂತೆ.

ವಿಮಾನಕ್ಕೆ ಸಿನಿಮಾ ಆರಿಸುವ ಗುಟ್ಟು ಇಷ್ಟರಲ್ಲೇ ಇದೆ. ಮನೆಯಲ್ಲಿ, ಟಾಕೀಸಿನಲ್ಲಿ ಒಳ್ಳೆಯದೆನಿಸಿದ ಸಿನಿಮಾವೆಲ್ಲ ಆಕಾಶದಲ್ಲಿ ಒಳ್ಳೆಯದಾಗುವುದಿಲ್ಲ. ಅಲ್ಲಿ ಕಿವಿ ಮಂದ, ಕಣ್ಣು ಒಣ, ಕಾಲು ಜೋಮು, ಮನಸ್ಸು ಮೆದು. ಈ ನಾಲ್ಕಕ್ಕೂ ಒಗ್ಗುವುದನ್ನು ಆರಿಸಬೇಕು.

ಮೊದಲು ಗಂಟೆಯ ಲೆಕ್ಕ

ಬೆಂಗಳೂರಿನಿಂದ ದುಬೈಗೆ ಸುಮಾರು ನಾಲ್ಕು ಗಂಟೆ, ಲಂಡನ್ ಅಥವಾ ಫ್ರಾಂಕ್‌ಫರ್ಟಿಗೆ ಹತ್ತು ಗಂಟೆಯ ಆಸುಪಾಸು. ಅಲ್ಲಿಂದ ಅಮೆರಿಕಕ್ಕೆ ಮತ್ತೊಂದು ಅಷ್ಟೇ ಉದ್ದದ ಹಾರಾಟ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರಿನ ನಡುವೆ ನೇರ ವಿಮಾನ ಆರಂಭಿಸಿದಾಗ, ಮಹಿಳಾ ಪೈಲಟ್‌ಗಳ ತಂಡವೇ ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ಹಾರಿಸಿ ತಂದಿತ್ತು. ಸುಮಾರು 14 ಸಾವಿರ ಕಿಲೋಮೀಟರ್, ಹದಿನಾರು ಗಂಟೆಗೂ ಮೇಲಿನ ಹಾದಿ. ಇಂಥ ಮಾರ್ಗಗಳು ಬರುತ್ತವೆ, ನಿಲ್ಲುತ್ತವೆ. ಆದ್ದರಿಂದ ಟಿಕೆಟ್ ಕೈಗೆ ಬಂದಾಗ ನಿಮ್ಮ ವಿಮಾನ ಎಷ್ಟು ಗಂಟೆ ಹಾರುತ್ತದೆ, ನಡುವೆ ಎಲ್ಲಿ ಎಷ್ಟು ಹೊತ್ತು ಕಾಯಿಸುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಇದಕ್ಕೆ ನೆಲದ ಪ್ರಯಾಣವನ್ನೂ ಸೇರಿಸಿ. ಹುಣಸೂರಿನಿಂದ ಮೈಸೂರಿಗೇ 45 ಕಿಲೋಮೀಟರ್. ಅಲ್ಲಿಂದ ಫ್ಲೈಬಸ್ಸೋ ಕಾರೋ ಹಿಡಿದು ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪಿ, ಎರಡನೇ ಟರ್ಮಿನಲ್‌ನಲ್ಲಿ ತಪಾಸಣೆ ಮುಗಿಸುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ. ಹೊರದೇಶದ ವಿಮಾನಗಳಲ್ಲಿ ಬಹಳಷ್ಟು ಹೊರಡುವುದು ನಡುರಾತ್ರಿ ಅಥವಾ ಬೆಳಗಿನ ಜಾವ. ಹಾಗಾಗಿ ಸೀಟಿನಲ್ಲಿ ಕೂತ ತಕ್ಷಣ ಸಿನಿಮಾ ಹಾಕಬೇಡಿ. ಕೊಟ್ಟದ್ದನ್ನು ಉಂಡು ಮೊದಲು ಮಲಗಿ, ಎದ್ದ ಮೇಲೆ ಸಿನಿಮಾ ನೋಡಿ.

ಹದಿನಾರು ಗಂಟೆಯಲ್ಲಿ ಆರು ಗಂಟೆ ನಿದ್ದೆ. ಊಟ, ತಿಂಡಿ, ಓಡಾಟ, ಶೌಚಾಲಯದ ಸರದಿಗೆಲ್ಲ ಮೂರು ಗಂಟೆ. ಉಳಿದದ್ದರಲ್ಲಿ ಎರಡೂವರೆ ಗಂಟೆಯ ಎರಡು ಕನ್ನಡ ಸಿನಿಮಾ, ನಡುನಡುವೆ ಹಾಡು, ಹರಟೆ. ಇದಕ್ಕಿಂತ ಹೆಚ್ಚಿಗೆ ಕಣ್ಣೂ ಒಪ್ಪುವುದಿಲ್ಲ. ಆದರೂ ನಾಲ್ಕೈದು ಸಿನಿಮಾ ಇಟ್ಟುಕೊಂಡಿರಿ. ಒಂದು ಹಿಡಿಸದಿದ್ದರೆ ಇನ್ನೊಂದಿರಲಿ.

ಬಾಯಿಪಾಠವಾದದ್ದೇ ಮೇಲು

ವಿಮಾನದ ಎಂಜಿನ್ನಿನ ಮೊರೆತ ಎಡೆಬಿಡದೆ ಇರುತ್ತದೆ. ಹೊಗೆಸೊಪ್ಪಿನ ಹರಾಜು ಕಟ್ಟೆಯ ಗದ್ದಲದಲ್ಲಾದರೂ ನಡುನಡುವೆ ಉಸಿರಾಡಲು ಬಿಡುವುಂಟು, ಇಲ್ಲಿ ಅದೂ ಇಲ್ಲ. ಮೆಲ್ಲನೆ ಆಡುವ ಮಾತನ್ನು ಈ ಮೊರೆತ ಮೊದಲು ನುಂಗುತ್ತದೆ. ಪಿಸುಮಾತು, ಅರ್ಧಕ್ಕೆ ನಿಲ್ಲುವ ವಾಕ್ಯ, ಹೊಸಬರ ಸಹಜ ಅಭಿನಯ ಎಲ್ಲವೂ ಅದಕ್ಕೆ ಬಲಿ. ಅರವತ್ತು ದಾಟಿದವರಿಗೆ ಈ ತೊಂದರೆ ಇನ್ನೂ ಹೆಚ್ಚು.

ಹೀಗಿರುವಾಗ ನೆರವಿಗೆ ಬರುವುದು ಆಗಲೇ ನೂರು ಸಲ ನೋಡಿದ ಸಿನಿಮಾ. ಕಿವಿಗೆ ಅರ್ಧ ಮಾತು ಬಿದ್ದರೂ ಉಳಿದರ್ಧವನ್ನು ನೆನಪೇ ತುಂಬಿಕೊಡುತ್ತದೆ. ಪೌರಾಣಿಕ ಸಿನಿಮಾಗಳಲ್ಲಿ ಇನ್ನೊಂದು ಅನುಕೂಲವಿದೆ. ಕಂಪನಿ ನಾಟಕದ ಕಾಲದ ಬಳಗ ಅದು, ಕೊನೆಯ ಸಾಲಿನವರಿಗೂ ಕೇಳುವಂತೆ ಪ್ರತಿ ಅಕ್ಷರವನ್ನೂ ಬಿಡಿಸಿ ನುಡಿಯುತ್ತಾರೆ. ಅಷ್ಟು ಗಟ್ಟಿ ಕನ್ನಡವನ್ನು ಎಂಜಿನ್ನಿಗೂ ಪೂರ್ತಿ ಮುಚ್ಚಿಹಾಕಲಾಗದು.

ಈ ಪರಂಪರೆಯ ದೊಡ್ಡ ನಿರ್ದೇಶಕರೊಬ್ಬರ ಹೆಸರಿನಲ್ಲೇ ನಮ್ಮ ಊರಿದೆ, ಹುಣಸೂರು ಕೃಷ್ಣಮೂರ್ತಿ. ‘ಸತ್ಯ ಹರಿಶ್ಚಂದ್ರ’ (1965), ‘ಭಕ್ತ ಕುಂಬಾರ’ (1974), ‘ಬಬ್ರುವಾಹನ’ (1977) ಮೂರೂ ಅವರವು, ಮೂರರಲ್ಲೂ ರಾಜ್‌ಕುಮಾರ್. ಆದರೆ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ‘ಭಕ್ತ ಕುಂಬಾರ’ದಲ್ಲಿ ಭಜನೆಯಲ್ಲಿ ಮೈಮರೆತ ಗೋರ ಮಣ್ಣು ತುಳಿಯುವಾಗ ಕಾಲಡಿಗೆ ಸಿಗುವುದು ಅವನ ಮಗುವೇ. ಹರಿಶ್ಚಂದ್ರನ ಕಥೆಯಲ್ಲಿ ಲೋಹಿತಾಶ್ವನಿಗೆ ಹಾವು ಕಚ್ಚುತ್ತದೆ. ಹಸುಗೂಸನ್ನು ಎತ್ತಿಕೊಳ್ಳಲು ಹೊರಟ ಅಜ್ಜಿಗೆ ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಇವೆರಡೂ ಬೇಡ. ‘ಬಬ್ರುವಾಹನ’ವಾದರೆ ಅರ್ಜುನನೂ ಮಗನೂ ಇಬ್ಬರೂ ರಾಜ್‌ಕುಮಾರರೇ. ಅಪ್ಪ ಮಕ್ಕಳ ಜಗಳ ಎಷ್ಟೇ ಏರಿದರೂ ಕೊನೆಗೆ ಒಂದಾಗುತ್ತಾರೆ. ಮಗನ ಮನೆಗೆ ಹೊರಟವರಿಗೆ ಇದಕ್ಕಿಂತ ಶುಭಶಕುನ ಬೇಕೆ?

ನಗು ಬೇಕೆನ್ನುವವರಿಗೆ ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ (1990), ‘ಗೌರಿ ಗಣೇಶ’ (1991), ಕೋಡ್ಲು ರಾಮಕೃಷ್ಣ ಅವರ ‘ಯಾರಿಗೂ ಹೇಳ್ಬೇಡಿ’ (1994) ಇವೆ. ವಠಾರ, ಬಾಡಿಗೆ ಮನೆ, ಸುಳ್ಳಿನ ಮೇಲೆ ಸುಳ್ಳು. ನಿದ್ದೆ ಬಂದು ಹತ್ತು ನಿಮಿಷ ತೂಕಡಿಸಿದರೂ ಕಥೆಯ ಎಳೆ ತಪ್ಪುವುದಿಲ್ಲ. ಹಾಗೆ ತೂಕಡಿಸಲು ಬಿಡುವ ಸಿನಿಮಾವೇ ವಿಮಾನಕ್ಕೆ ಒಳ್ಳೆಯ ಸಿನಿಮಾ.

ಮಾತೇ ಇಲ್ಲದ ಸಿನಿಮಾಗಳು

ಕಿವಿಯ ತೊಂದರೆಗೆ ಇನ್ನೊಂದು ಮದ್ದೂ ಉಂಟು, ಮಾತೇ ಇಲ್ಲದ ಸಿನಿಮಾ. ಅದಕ್ಕೆ ಕನ್ನಡದ ಉತ್ತರ ‘ಪುಷ್ಪಕ ವಿಮಾನ’. 1987ರಲ್ಲಿ ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶಿಸಿದ, ಶೃಂಗಾರ್ ನಾಗರಾಜ್ ನಿರ್ಮಾಣದಲ್ಲಿ ಪಾಲುಗೊಂಡ ಈ ಸಿನಿಮಾದ ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಿ. ಕೆಲಸವಿಲ್ಲದ ಹುಡುಗನಾಗಿ ಕಮಲ್ ಹಾಸನ್, ಎದುರಿಗೆ ಅಮಲಾ. ಎರಡು ಗಂಟೆಗೂ ಮೀರಿದ ಸಿನಿಮಾದಲ್ಲಿ ಒಬ್ಬರೂ ಒಬ್ಬರೊಡನೆ ಮಾತಾಡುವುದಿಲ್ಲ, ಆದರೂ ಒಂದು ಗಳಿಗೆಯೂ ಅರ್ಥವಾಗದೆ ಉಳಿಯುವುದಿಲ್ಲ. ಹೆಡ್‌ಫೋನ್ ಹಾಕದೆಯೇ ನೋಡಬಹುದು. ಗಂಡ ಹೆಂಡತಿ ಒಂದೇ ಫೋನನ್ನು ನಡುವೆ ಇಟ್ಟುಕೊಂಡು ಕೂಡಿ ನಗಬಹುದು.

ಸೀಟಿನ ಟಿವಿಯಲ್ಲೇ ಹುಡುಕುವುದಾದರೆ ಚಾರ್ಲಿ ಚಾಪ್ಲಿನ್ ಹೆಸರು ನೋಡಿ. ‘ಸಿಟಿ ಲೈಟ್ಸ್’ (1931), ‘ಮಾಡರ್ನ್ ಟೈಮ್ಸ್’ (1936) ಎರಡೂ ಒಂದೂವರೆ ಗಂಟೆಯೊಳಗೆ ಮುಗಿಯುತ್ತವೆ. ಕಾರ್ಟೂನ್ ಮಕ್ಕಳಿಗಷ್ಟೇ ಎಂಬ ಭಾವನೆ ಬಿಟ್ಟರೆ ‘ಶಾನ್ ದಿ ಶೀಪ್ ಮೂವಿ’ (2015) ಕುರಿ ಸಾಕಿದವರಿಗೆ ಬಹಳ ಹಿಡಿಸೀತು. ಅದರಲ್ಲಿ ಕುರಿಗಳೂ ಮಾತಾಡವು, ಯಜಮಾನನೂ ಗೊಣಗುವುದಷ್ಟೆ. ಲಾಟ್ವಿಯಾ ದೇಶದ ‘ಫ್ಲೋ’ (2024) ನೆರೆಯಲ್ಲಿ ಸಿಕ್ಕಿಕೊಂಡ ಒಂದು ಬೆಕ್ಕಿನ ಕಥೆ. 2025ರಲ್ಲಿ ಆಸ್ಕರ್ ಪಡೆದ ಆ ಅನಿಮೇಷನ್ ಸಿನಿಮಾದಲ್ಲೂ ಮಾತಿಲ್ಲ. ಕಬಿನಿ ಹಿನ್ನೀರಿನ ಏರಿಳಿತ ಕಂಡ ಎಚ್.ಡಿ. ಕೋಟೆಯವರಿಗೆ ನೀರು ಏರುವ ಆ ದೃಶ್ಯಗಳನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷ್ ಅಡಿಬರಹವಿದೆಯಲ್ಲ ಎಂದು ಮಕ್ಕಳು ಸಮಾಧಾನ ಹೇಳಬಹುದು. ಕನ್ನಡ ಮಾತ್ರ ಓದುವ ಅಪ್ಪ ಅಮ್ಮನಿಗೆ ಅದರಿಂದ ಪ್ರಯೋಜನವಿಲ್ಲ. ಓದಬಲ್ಲವರಿಗೂ ಅಷ್ಟು ಸಣ್ಣ ಪರದೆಯಲ್ಲಿ ಓಡುವ ಅಕ್ಷರ ತಲೆನೋವೇ.

ಹೋಗುವಾಗ ಒಂದು, ಬರುವಾಗ ಒಂದು

ನೆಲದ ಮೇಲೆ ಗಟ್ಟಿಯಾಗಿರುವವರ ಕಣ್ಣೂ ವಿಮಾನದಲ್ಲಿ ಬೇಗ ತುಂಬಿಕೊಳ್ಳುತ್ತದೆ. ನಿದ್ದೆಗೇಡು, ಊರು ಬಿಟ್ಟ ತಳಮಳ, ಮಂದ ಬೆಳಕು ಎಲ್ಲ ಸೇರಿ ಮನಸ್ಸನ್ನು ತೆಳುವಾಗಿಸುತ್ತವೆ. ಆದ್ದರಿಂದ ಹೋಗುವ ದಾರಿಗೂ ಬರುವ ದಾರಿಗೂ ಬೇರೆ ಬೇರೆ ಬುತ್ತಿ ಕಟ್ಟಬೇಕು.

ಹೋಗುವಾಗ ಹಗುರಾದದ್ದು, ತಿರುಗಾಟದ್ದು ಇರಲಿ. ದ್ವಾರಕೀಶ್ ಮತ್ತು ವಿಷ್ಣುವರ್ಧನ್ ಜೋಡಿಯ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ (1978) ಹೊರದೇಶದಲ್ಲಿ ಚಿತ್ರೀಕರಣಗೊಂಡ ಮೊದಲ ಕನ್ನಡ ಸಿನಿಮಾ. ವಿಮಾನ ಹತ್ತುವ ಅಳುಕನ್ನು ನಗುವಾಗಿಸಲು ಅದು ಸಾಕು. ಅಮೆರಿಕದ ಬದುಕನ್ನು ನಮ್ಮ ಕಣ್ಣಿನಿಂದ ನೋಡಬೇಕೆನ್ನುವವರಿಗೆ ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕಾ ಅಮೆರಿಕಾ’ ಇದೆ. ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿ.ಪ್ರಾ. ಶಾಲೆ ಕಾಸರಗೋಡು’ (2018) ಮಕ್ಕಳ ಗಲಾಟೆಯಿಂದ ತುಂಬಿದ ಸಿನಿಮಾ. ಕಥೆಯ ದಾರಿ ಮೈಸೂರನ್ನೂ ಮುಟ್ಟುತ್ತದೆ.

ಬರುವಾಗ ಮಾತು ಬೇರೆ. ಮೊಮ್ಮಗುವನ್ನು ಬಿಟ್ಟು ಬಂದ ಸಂಕಟ ಎದೆಯಲ್ಲಿರುತ್ತದೆ. ಆಗ ಮನೆಯ ಕಡೆ ಎಳೆಯುವ ಸಿನಿಮಾ ಬೇಕು. ನಾಡಿನ ಕಾಡು ಕಡಲುಗಳನ್ನು ಪುನೀತ್ ರಾಜ್‌ಕುಮಾರ್ ಜೊತೆ ಸುತ್ತಿಸುವ, ಅಮೋಘವರ್ಷ ಅವರ ‘ಗಂಧದ ಗುಡಿ’ (2022) ಒಂದು. ರಾಮ್ ರೆಡ್ಡಿ ಅವರ ‘ತಿಥಿ’ ಇನ್ನೊಂದು. ಮಂಡ್ಯ ಸೀಮೆಯ ಹಳ್ಳಿಯವರೇ ನಟಿಸಿದ, 2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ಸಿನಿಮಾ. ಸೆಂಚುರಿ ಗೌಡ, ಗಡ್ಡಪ್ಪ ಆಡುವ ಮಾತು ಕೆ.ಆರ್. ನಗರದವರ ಕಿವಿಗೆ ಪಕ್ಕದ ಜಗುಲಿಯ ಮಾತು. ಬೈಗುಳವೂ ಯಥೇಚ್ಛ, ಹಾಗಾಗಿ ಹೆಡ್‌ಫೋನ್ ತೆಗೆಯಬೇಡಿ.

ನಮ್ಮ ನೆರೆಯ ಬೈಲುಕುಪ್ಪೆಯ ಟಿಬೆಟನ್ ಮನೆಗಳಿಂದಲೂ ಕೆನಡಾ, ಅಮೆರಿಕಕ್ಕೆ ಹೋಗಿಬರುವವರು ಇದ್ದಾರೆ. ಮಠದ ಮರಿಸನ್ಯಾಸಿಗಳು ವಿಶ್ವಕಪ್ ಫುಟ್‌ಬಾಲ್ ನೋಡಲು ಪಡುವ ಪಾಡಿನ ‘ದಿ ಕಪ್’ (1999) ಅವರ ಭಾಷೆಯ, ಅವರದೇ ನಗೆಯ ಸಿನಿಮಾ.

ಬಿಟ್ಟರೆ ಒಳ್ಳೆಯದು

ವಿಮಾನ ಅಪಘಾತದ ಸಿನಿಮಾ ಬೇಡ ಎಂದು ಹೇಳಬೇಕಾಗಿಲ್ಲ. ಉಳಿದವು ಇವು:

• ‘ರಾಜಕುಮಾರ’ (2017), ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಎರಡೂ ಒಳ್ಳೆಯ ಸಿನಿಮಾಗಳು. ಒಂದು ವೃದ್ಧಾಶ್ರಮದ ಕಥೆ, ಇನ್ನೊಂದು ಮರೆವಿನ ಕಾಯಿಲೆಯ ಅಪ್ಪ ಕಳೆದುಹೋಗುವ ಕಥೆ. ಮಕ್ಕಳ ಮನೆಯ ದಾರಿಯಲ್ಲಿ ಇವು ಬೇಡ, ಮಕ್ಕಳ ಜೊತೆ ಕೂತು ನೋಡಿ.

• ‘ಬಂಗಾರದ ಮನುಷ್ಯ’ (1972) ಬೇಸಾಯಗಾರರ ಮನೆದೇವರಂಥ ಸಿನಿಮಾ. ಆದರೆ ಕೊನೆಯಲ್ಲಿ ರಾಜೀವ ಊಟದ ನಡುವೆಯೇ ಎದ್ದುಹೋಗುವುದು ಗೊತ್ತಲ್ಲ. ನೀವು ನೆಂಟರ ಮನೆಯ ಊಟಕ್ಕೆ ಹೊರಟಿದ್ದೀರಿ. ಬರುವಾಗ ನೋಡಿದರಾಯಿತು.

• ‘ಕಾಂತಾರ’ದಂಥವು ದೊಡ್ಡ ತೆರೆ, ದೊಡ್ಡ ಸದ್ದು ಬೇಡುತ್ತವೆ. ಅಂಗೈಯಗಲದ ಪರದೆಯಲ್ಲಿ ನೋಡಿ ಅದನ್ನು ಹಾಳುಮಾಡಿಕೊಳ್ಳಬೇಡಿ.

• ಪಕ್ಕದ ಸೀಟಿನವರಿಗೂ, ನಡುದಾರಿಯಲ್ಲಿ ಓಡಾಡುವ ಮಕ್ಕಳಿಗೂ ನಿಮ್ಮ ಪರದೆ ಕಾಣುತ್ತದೆ. ಮುಜುಗರವಾಗುವಂಥದ್ದು, ರಕ್ತ ಹರಿಯುವಂಥದ್ದು ಬೇಡ.

ಸೀಟಿನ ಟಿವಿಯನ್ನೇ ನಂಬಿ ಹೋಗಬೇಡಿ

ಸೀಟಿನ ಟಿವಿಯಲ್ಲಿ ಹಿಂದಿ, ತಮಿಳು, ತೆಲುಗಿಗೆ ಸಿಗುವ ಜಾಗ ಕನ್ನಡಕ್ಕೆ ಸಿಗುವುದಿಲ್ಲ. ಇದ್ದರೆ ಒಂದೆರಡು, ಇಲ್ಲದಿದ್ದರೂ ಅಚ್ಚರಿಪಡಬೇಡಿ. ಎಲ್ಲ ವಿಮಾನದಲ್ಲೂ ಪರದೆ ಇರುತ್ತದೆಂಬ ಖಾತರಿಯೂ ಇಲ್ಲ, ಇದ್ದದ್ದು ಕೆಟ್ಟಿರಲೂಬಹುದು. ನಮ್ಮ ಬುತ್ತಿ ನಮ್ಮ ಫೋನಿನಲ್ಲೇ ಇರಬೇಕು, ಟ್ಯಾಬ್ ಇದ್ದರೆ ಇನ್ನೂ ಒಳ್ಳೆಯದು.

ಹಣ ಕೊಟ್ಟು ಸೇರಿದ ಆಪ್‌ಗಳಲ್ಲಿ ಸಿನಿಮಾ ಇಳಿಸಿಕೊಳ್ಳುವ ಗುಂಡಿ ಇರುತ್ತದೆ. ಇಳಿಸಿದ ಸಿನಿಮಾಕ್ಕೆ ಗಡುವಿರುತ್ತದೆಂಬುದನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ. ಕೆಲವು ದಿನ ಕಳೆದರೆ ಅದು ತೆರೆಯುವುದಿಲ್ಲ. ಎಷ್ಟೋ ಸಿನಿಮಾಗಳನ್ನು ಒಮ್ಮೆ ಶುರು ಮಾಡಿದರೆ 48 ಗಂಟೆಯೊಳಗೆ ಮುಗಿಸಬೇಕು. ವಾರದ ಮುಂಚೆಯೇ ಇಳಿಸಿ, ಸರಿಯಿದೆಯೇ ಎಂದು ಎಲ್ಲವನ್ನೂ ಐದೈದು ನಿಮಿಷ ಓಡಿಸಿ ನೋಡಿದರೆ, ವಿಮಾನದಲ್ಲಿ ಒಂದೂ ತೆರೆಯದಿರಬಹುದು. ಹೊರಡುವ ಹಿಂದಿನ ದಿನ ಮನೆಯ ವೈಫೈನಲ್ಲಿ ಇಳಿಸಿ. ಆಮೇಲೆ ಫ್ಲೈಟ್ ಮೋಡ್ ಹಾಕಿ, ಒಂದನ್ನು ಮಾತ್ರ ಅರೆ ನಿಮಿಷ ಓಡಿಸಿ ನೋಡಿ.

ವಾಪಸ್ ಬರುವ ದಾರಿಗೆ ಬೇರೆ ತೊಡಕಿದೆ. ಸಿನಿಮಾ ತೋರಿಸುವ ಹಕ್ಕು ದೇಶಕ್ಕೊಂದು. ಇಲ್ಲಿ ಆಪ್‌ನಲ್ಲಿ ಕಂಡದ್ದು ಅಲ್ಲಿ ಕಾಣದೆಹೋಗಬಹುದು. ಹೊರಡುವ ವಾರಕ್ಕೆ ಮುಂಚೆಯೇ ಅಲ್ಲಿ ಯಾವುದು ಸಿಗುತ್ತದೆಂದು ನೋಡಿಡಲು ಮಕ್ಕಳಿಗೆ ಹೇಳಿ.

ಸೀಟಿನ ಟಿವಿಯಲ್ಲೇ ನೋಡುವವರಿಗೆ ಎರಡು ಮಾತು. ಪರದೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ, ಜೋರಾಗಿ ಕುಟ್ಟಿದರೆ ಮುಂದಿನವರ ತಲೆಗೆ ಬಡಿದಂತೆ. ಸಿನಿಮಾ ಹಾಕುವ ಮುನ್ನ ನಕ್ಷೆಯಲ್ಲಿ ಇಳಿಯಲು ಎಷ್ಟು ಹೊತ್ತಿದೆ ನೋಡಿ. ಎಷ್ಟೋ ವಿಮಾನಗಳಲ್ಲಿ ಇಳಿಯುವ ಮುನ್ನ ಹೆಡ್‌ಫೋನ್ ವಾಪಸ್ ಕೇಳುತ್ತಾರೆ. ಮೂರು ಗಂಟೆ ಉಳಿದಿಲ್ಲವೆಂದರೆ ಹೊಸ ಸಿನಿಮಾ ಹಿಡಿಯಬೇಡಿ, ಕ್ಲೈಮ್ಯಾಕ್ಸ್ ಆಕಾಶದಲ್ಲೇ ಉಳಿದುಬಿಡುತ್ತದೆ.

ವಿರಾಮ ಬಂದಾಗ ಎದ್ದೇಳಿ

ನಾಲ್ಕು ಗಂಟೆ ಮೀರಿ ಕದಲದೆ ಕೂತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಸಿನಿಮಾದಲ್ಲಿ ಮುಳುಗಿದವರಿಗೆ ಎದ್ದೇಳುವುದೇ ಮರೆತುಹೋಗುತ್ತದೆ. ಇದಕ್ಕೆ ನಮ್ಮ ಸಿನಿಮಾಗಳಲ್ಲೇ ಉಪಾಯವಿದೆ. ಹಾಡು ಬಂದಾಗಲೆಲ್ಲ ಎರಡೂ ಪಾದಗಳನ್ನು ಗಿರಗಿರನೆ ತಿರುಗಿಸಿ, ಹಿಮ್ಮಡಿ ಎತ್ತಿ ಇಳಿಸಿ. ‘ವಿರಾಮ’ ಎಂದು ಬಂದಾಗ ಟಾಕೀಸಿನಲ್ಲಿ ಕಡ್ಲೆಕಾಯಿಗೆ ಏಳುತ್ತಿದ್ದಂತೆ ಎದ್ದು, ವಿಮಾನದ ಹಿಂಬದಿಯವರೆಗೆ ನಡೆದು, ನೀರು ಕೇಳಿ ಕುಡಿದು ಬನ್ನಿ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಹೊರಡುವ ಮುನ್ನವೇ ವೈದ್ಯರನ್ನು ಕಾಣಬೇಕು.

ವಿಮಾನದೊಳಗಿನ ಗಾಳಿಯಲ್ಲಿ ತೇವ ಶೇ 20ಕ್ಕೂ ಕಡಿಮೆ. ಪರದೆ ನೋಡುತ್ತಾ ರೆಪ್ಪೆ ಬಡಿಯದೆ ಕೂತರೆ ಕಣ್ಣು ಉರಿಯುತ್ತದೆ. ಪರದೆಯ ಬೆಳಕು ಇಳಿಸಿ. ಪೊರೆ ತೆಗೆಸಿಕೊಂಡವರು ವೈದ್ಯರು ಕೊಟ್ಟ ಕಣ್ಣಿನ ಹನಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಹೊತ್ತಿಸಿ ರಾತ್ರಿಯಿಡೀ ಬೆಂಕಿಯ ಮುಂದೆ ಕೂತವರಿಗೆ ಕಣ್ಣಿನ ಉರಿ ಹೊಸದಲ್ಲ. ಅಲ್ಲಿಯಂತೆ ಇಲ್ಲಿಯೂ ಆಗಾಗ ಕಣ್ಣು ಮುಚ್ಚಿ ಆರಿಸಿಕೊಳ್ಳುವುದೇ ಮದ್ದು.

ಹೊರಡುವ ಹಿಂದಿನ ದಿನ ನೋಡಿಕೊಳ್ಳಿ

• ಫೋನಿನಲ್ಲಿ ನಾಲ್ಕೈದು ಸಿನಿಮಾ: ಬಾಯಿಪಾಠವಾದದ್ದು ಎರಡು, ಮಾತಿಲ್ಲದ್ದು ಒಂದು, ನಗಿಸುವುದು ಒಂದು. ಜೊತೆಗೆ ಹಾಡು, ಭಜನೆ.

• ವೈರ್ ಇರುವ ಹೆಡ್‌ಫೋನ್, ಕಿವಿ ಪೂರ್ತಿ ಮುಚ್ಚುವಂಥದ್ದು. ಸೀಟಿನ ಟಿವಿಗೆ ಬ್ಲೂಟೂತ್ ಹೊಂದುವುದು ಕೆಲವೇ ವಿಮಾನಗಳಲ್ಲಿ. ನಿಮ್ಮ ಫೋನಿಗೆ ವೈರ್ ಸಿಕ್ಕಿಸುವ ತೂತು ಇದೆಯೇ ಎಂದೂ ನೋಡಿ.

• ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕುವಂತಿಲ್ಲ. ಒಳಗೆ ಬಳಸಲು ಹಲವು ಸಂಸ್ಥೆಗಳು ಬಿಡುವುದಿಲ್ಲ, ಎಮಿರೇಟ್ಸ್ 2025ರ ಅಕ್ಟೋಬರ್‌ನಿಂದಲೇ ನಿಲ್ಲಿಸಿದೆ. ಫೋನ್ ತುಂಬ ಚಾರ್ಜ್ ಮಾಡಿಕೊಂಡು ಹತ್ತಿ, ಸೀಟಿನ ಯುಎಸ್‌ಬಿಗೆ ಬೇಕಾದ ಕೇಬಲ್ ಇಟ್ಟುಕೊಳ್ಳಿ.

• ಓದುವ ಕನ್ನಡಕ ಕೈಗೆಟುಕುವಲ್ಲಿ ಇರಲಿ. ತಲೆಯ ಮೇಲಿನ ಡಬ್ಬಿಗೆ ಹೋದರೆ ಎದ್ದೆದ್ದು ತೆಗೆಯಬೇಕು.

• ಯಾವ ಗುಂಡಿ ಒತ್ತಿದರೆ ಯಾವ ಸಿನಿಮಾ ಎಂದು ಕನ್ನಡದಲ್ಲಿ ಚೀಟಿ ಬರೆದು ಫೋನಿನ ಕವರಿನೊಳಗೆ ಇಡಿ. ಮನೆಯಲ್ಲಿ ಕಲಿತದ್ದು ವಿಮಾನದಲ್ಲಿ ಮರೆತುಹೋಗುತ್ತದೆ.

ಇಳಿದ ಮೇಲೆ ಎರಡು

ಬುತ್ತಿಯಲ್ಲಿ ಒಂದು ತುತ್ತನ್ನು ತಲುಪುವ ಮನೆಗೆಂದೇ ಎತ್ತಿಡುವುದು ನಮ್ಮ ರೂಢಿ. ಸಿನಿಮಾದಲ್ಲೂ ಹಾಗೆಯೇ ಎರಡನ್ನು ಮೊಮ್ಮಕ್ಕಳಿಗೆ ಎತ್ತಿಡಿ. ಎರಡರಲ್ಲೂ ಇರುವವನು ಒಬ್ಬನೇ ಹುಡುಗ.

ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಮಾವುತರೊಬ್ಬರಿಗೆ ಸಾಬು ಎಂಬ ಮಗ ಹುಟ್ಟಿದ. ರಾಬರ್ಟ್ ಫ್ಲಾಹರ್ಟಿ ಮೈಸೂರು ಸಂಸ್ಥಾನಕ್ಕೆ ಬಂದು ‘ಎಲಿಫೆಂಟ್ ಬಾಯ್’ (1937) ತೆಗೆದಾಗ ಆನೆ ಹುಡುಗ ತೂಮಾಯಿಯಾಗಿ ನಟಿಸಿದವನು ಇವನೇ.  ಮುಂದೆ ಇಂಗ್ಲೆಂಡಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕೂತು ಹಾರಿದ. ಆ ಸೀಟಿಗೆ ಟಿವಿ ಇರಲಿಲ್ಲ.

ಅದಕ್ಕೂ ಮುಂಚೆ 1940ರ ‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿ ಇದೇ ಸಾಬು ಹಾರುವ ಜಮಖಾನದ ಮೇಲೆ ಕೂತು ಆಕಾಶದಲ್ಲಿ ತೇಲಿಬಂದಿದ್ದ. ಬಣ್ಣದ ಸಿನಿಮಾ, ಭೂತ, ಮಾಯಾ ಕುದುರೆ ಎಲ್ಲ ಇರುವುದರಿಂದ ಮಕ್ಕಳು ಕದಲದೆ ನೋಡುತ್ತಾರೆ. ಊರು ಯಾವುದು, ಕಬಿನಿ ಎಲ್ಲಿದೆ ಎಂದು ಅರಿಯದ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಜಮಖಾನ ಮೇಲೇಳುವಾಗ ಬೆರಳು ತೋರಿಸಿ ಹೇಳಿ: “ನೋಡು ಕಂದ, ಅವ್ನು ನಮ್ ಕೋಟೆ ಕಡೆ ಹುಡುಗ.”